ಯುದ್ಧ ಮುಗಿದ ನಾಡಿನ ಮಕ್ಕಳ ಸೇವೆಗೆ ಹೊರಟವರಿಗೆ

"ಅಕ್ಕಾರ, ನೀವು ವಿಯೆಟ್ನಾಮಕ್ಕ ಹೋಗಿದ್ರಂತಲ್ಲ, ನಮಗೂ ಹೋಗಬೇಕಾಗೇದ. ಹ್ಯಾಂಗ ಹೋಗೂದು?"

ಬಾಗಲಕೋಟೆ ನವನಗರದ ನಮ್ಮ ಮನೆಗೆ ಬಂದು ಹೀಗೆ ಕೇಳುವವರು ಆಗಾಗ ಇರುತ್ತಾರೆ. ಬಿ.ಎಡ್. ಮುಗಿಸಿದವರು, ನರ್ಸಿಂಗ್ ಓದುತ್ತಿರುವವರು, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ ಹುಡುಗರು, ಒಮ್ಮೆ ಒಬ್ಬ ನಿವೃತ್ತ ಹೆಡ್‌ಮಾಸ್ತರರು. ಒಂದು ಕಪ್ ಚಹಾ ಮುಗಿಯುವುದರೊಳಗೆ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ವಿಶೇಷ ಶಿಕ್ಷಕಿ. ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವುದು ನನ್ನ ಕೆಲಸ. ಬೀಳಗಿ, ಹುನಗುಂದದ ಕಡೆಯ ಹಳ್ಳಿಗಳ ಬಸ್ಸುಗಳಲ್ಲೇ ಅರ್ಧ ಆಯುಷ್ಯ ಕಳೆದಿದ್ದೇನೆ. ವಿಯೆಟ್ನಾಮಿನ ಅಂಗವಿಕಲ ಮಕ್ಕಳ ಕೇಂದ್ರಗಳ ಸೇವೆಗೆಂದು ಎರಡು ಸಲ ಹೋಗಿಬಂದೆ. ಮೊದಲ ಸಲ ಎರಡು ವಾರ, ಎರಡನೇ ಸಲ ಮೂರು ತಿಂಗಳು. ಮೊದಲನೆಯದು ದಂಡ. ಯಾಕೆ ದಂಡವಾಯಿತೆಂದು ಹೇಳುತ್ತ ಹೋದರೆ ದಾರಿ ತಾನಾಗಿ ತಿಳಿಯುತ್ತದೆ.

ಯಾಕೆ, ಎಷ್ಟು ದಿನ

ಮೊದಲು ದಿನ ಎಣಿಸಿ. ಎರಡು ವಾರದ ರಜೆ ಮಾತ್ರ ಇದ್ದರೆ ಮಕ್ಕಳ ಕೇಂದ್ರಕ್ಕೆ ಹೋಗಬೇಡಿ. ನೀವು ಹೋದ ಮೊದಲ ವಾರ ಅಲ್ಲಿನ ಆಯಾಗಳು ನಿಮಗೆ ಎಲ್ಲವನ್ನೂ ತೋರಿಸಬೇಕು: ಯಾವ ಮಗುವಿಗೆ ಗಂಜಿ ತೆಳ್ಳಗಿರಬೇಕು, ಯಾರಿಗೆ ಬಲಗಡೆ ಮಲಗಿಸಿದರೆ ಅಳು ಬರುತ್ತದೆ, ಯಾರು ಕೈ ಕಚ್ಚುತ್ತಾರೆ. ಎರಡನೇ ವಾರ ನಿಮಗೆ ಸ್ವಲ್ಪ ಗೊತ್ತಾಗುತ್ತದೆ. ಅಷ್ಟರಲ್ಲಿ ನೀವು ಗಂಟುಮೂಟೆ ಕಟ್ಟುತ್ತೀರಿ. ಮುಂದಿನ ಸೋಮವಾರ ಇನ್ನೊಬ್ಬರು ಬರುತ್ತಾರೆ, ಆಯಾ ಮತ್ತೆ ಮೊದಲಿಂದ ಶುರು ಮಾಡಬೇಕು. ನಾನು ಮೊದಲ ಸಲ ಮಾಡಿದ್ದು ಇದನ್ನೇ. ಅಲ್ಲಿ ಇಪ್ಪತ್ತು ವರ್ಷದಿಂದ ದುಡಿಯುತ್ತಿದ್ದ ಒಬ್ಬ ಹೆಂಗಸು ನನಗೆ ಹಾಸಿಗೆ ಬದಲಿಸುವುದನ್ನು ತೋರಿಸುತ್ತ ಆಕಳಿಸಿದಳು. ಆಕೆಗೆ ಅದು ಆ ವರ್ಷದಲ್ಲಿ ಎಷ್ಟನೇ ಸಲವೋ.

ಕನಿಷ್ಠ ಮೂರು ತಿಂಗಳು ಇಟ್ಟುಕೊಳ್ಳಿ. ಫಿಜಿಯೊಥೆರಪಿಸ್ಟ್, ಕೃತಕ ಕಾಲು ಮಾಡುವ ತಂತ್ರಜ್ಞ, ಮಾತಿನ ತರಬೇತಿ ಕೊಡುವವರು ಆಗಿದ್ದು, ಅಲ್ಲಿನ ಸಿಬ್ಬಂದಿಗೆ ಕಲಿಸಲು ಹೋಗುವುದಾದರೆ ಮಾತ್ರ ಕಡಿಮೆ ದಿನ ನಡೆದೀತು. ಆಗ ನೀವು ಬಿಟ್ಟುಬರುವುದು ಕಲಿತ ಕೈಗಳನ್ನು.

"ಯಾಕೆ ಹೋಗಬೇಕು" ಎಂಬುದಕ್ಕೆ ಒಂದು ಸುಲಭದ ಅಳತೆಯಿದೆ. ನೀವು ಅಲ್ಲಿದ್ದಾಗ ಆ ಆಯಾಳ ದಿನ ಹಗುರಾಗುತ್ತದೆಯೋ ಭಾರವಾಗುತ್ತದೆಯೋ? ಮುಂದೆ ನಾನು ಹೇಳುವುದನ್ನೆಲ್ಲ ಇದೇ ತಕ್ಕಡಿಯಲ್ಲಿ ತೂಗಿ ನೋಡಿ.

ಯಾವ ಯುದ್ಧ, ಯಾವ ಮಕ್ಕಳು

ಹೋಗುವ ನಾಡಿನ ಕಥೆ ಗೊತ್ತಿಲ್ಲದೆ ಹೋಗುವುದು ಆ ಮನೆಯವರ ಸಾವಿನ ಸುದ್ದಿ ತಿಳಿಯದೆ ಬೀಗರೂಟಕ್ಕೆ ಹೋದ ಹಾಗೆ.

ವಿಯೆಟ್ನಾಮಿನಲ್ಲಿ ಯುದ್ಧ ಮುಗಿದದ್ದು 1975ರ ಏಪ್ರಿಲ್ 30ರಂದು. ಹಾಗಾದರೆ ಇವತ್ತಿನ ಹತ್ತು ವರ್ಷದ ಮಗುವಿಗೂ ಆ ಯುದ್ಧಕ್ಕೂ ಏನು ಸಂಬಂಧ? 1962ರಿಂದ 1971ರವರೆಗೆ ಅಮೆರಿಕದ ವಿಮಾನಗಳು ಅಲ್ಲಿನ ಕಾಡು, ಗದ್ದೆಗಳ ಮೇಲೆ 7 ಕೋಟಿ ಲೀಟರಿಗೂ ಹೆಚ್ಚು ಸಸ್ಯನಾಶಕ ಸುರಿದವು. ಶತ್ರು ಅಡಗಲು ಎಲೆಮರೆ ಇರಬಾರದು, ಉಣ್ಣಲು ಬೆಳೆ ಇರಬಾರದು ಎಂಬುದು ಲೆಕ್ಕ. ಅದರಲ್ಲಿ ಹೆಚ್ಚಿನ ಪಾಲು ಏಜೆಂಟ್ ಆರೆಂಜ್. ಬ್ಯಾರಲ್ಲಿನ ಮೇಲೆ ಕಿತ್ತಳೆ ಬಣ್ಣದ ಪಟ್ಟಿ ಇದ್ದದ್ದರಿಂದ ಆ ಹೆಸರು. ಅದು ಎರಡು ಕಳೆನಾಶಕಗಳ ಮಿಶ್ರಣ. ಅವುಗಳಲ್ಲಿ ಒಂದು ಮುಧೋಳ, ಜಮಖಂಡಿಯ ಕಬ್ಬಿನ ರೈತರಿಗೆ ಚೆನ್ನಾಗಿ ಗೊತ್ತು: ಗೊಬ್ಬರದಂಗಡಿಯಲ್ಲಿ ಇವತ್ತಿಗೂ ಸಿಗುವ ಟೂ-ಫೋರ್-ಡಿ. ನಂಜು ಇದ್ದದ್ದು ಎರಡನೆಯದರಲ್ಲಿ, ಟೂ-ಫೋರ್-ಫೈವ್-ಟಿಯಲ್ಲಿ. ಅದನ್ನು ತಯಾರಿಸುವಾಗ ಹುಟ್ಟುವ ಡಯಾಕ್ಸಿನ್ ಮಣ್ಣಿನಲ್ಲಿ, ಕೆರೆಯ ಕೆಸರಿನಲ್ಲಿ, ಮೀನು ಮತ್ತು ಬಾತುಕೋಳಿಯ ಕೊಬ್ಬಿನಲ್ಲಿ ದಶಕಗಟ್ಟಲೆ ಕೂರುತ್ತದೆ. ಬ್ಯಾರಲ್ಲು ಇಟ್ಟಿದ್ದ ದನಾಂಗ್ ವಿಮಾನ ನಿಲ್ದಾಣದ ಮಣ್ಣನ್ನು ಕಾಯಿಸಿ ಶುದ್ಧ ಮಾಡುವ ಕೆಲಸ ಮುಗಿದದ್ದು 2018ರಲ್ಲಿ. ಇನ್ನೊಂದು ವಿಮಾನ ನೆಲೆ ಬಿಯೆನ್ ಹೋವಾದಲ್ಲಿ ಕೆಲಸ ಶುರುವಾದದ್ದೇ 2019ರಲ್ಲಿ.

ಆ ನಂಜು ತಾಗಿದವರ ಮಕ್ಕಳು, ಮೊಮ್ಮಕ್ಕಳು ಹುಟ್ಟಿನಿಂದಲೇ ತೊಂದರೆ ಹೊತ್ತು ಬರುತ್ತಾರೆ ಎಂಬುದು ಅಲ್ಲಿನವರ ದೂರು. ಆದರೆ ಇಲ್ಲೊಂದು ಎಚ್ಚರಿಕೆ. ಯಾವ ಮಗುವಿನ ತೊಂದರೆಗೆ ಡಯಾಕ್ಸಿನ್ನೇ ಕಾರಣ ಎಂದು ಒಂದೊಂದಾಗಿ ಸಾಬೀತು ಮಾಡುವುದು ಕಷ್ಟ, ವಿಜ್ಞಾನಿಗಳಲ್ಲೂ ಒಮ್ಮತವಿಲ್ಲ. ಅಮೆರಿಕ ತನ್ನ ಸೈನಿಕರ ಮಕ್ಕಳಿಗೆ ಸ್ಪೈನಾ ಬೈಫಿಡಾ, ಅಂದರೆ ಬೆನ್ನುಹುರಿ ಸರಿಯಾಗಿ ಮುಚ್ಚದೆ ಹುಟ್ಟುವ ತೊಂದರೆ, ಇದ್ದರೆ ನೆರವು ಕೊಡಲು 1996ರಲ್ಲಿ ಕಾನೂನು ಮಾಡಿತು. ವಿಯೆಟ್ನಾಮಿನ ಸಂತ್ರಸ್ತರು ರಾಸಾಯನಿಕ ಕಂಪನಿಗಳ ಮೇಲೆ ಹೂಡಿದ ದಾವೆಯನ್ನು ಅಮೆರಿಕದ್ದೇ ಕೋರ್ಟು 2005ರಲ್ಲಿ ವಜಾ ಮಾಡಿತು. ಈ ಜಗಳವನ್ನು ನೀವು ಮಗುವಿನ ಹಾಸಿಗೆಯ ಪಕ್ಕ ನಿಂತು ಚರ್ಚಿಸಬೇಡಿ. ತಾಯಿಯೊಬ್ಬಳಿಗೆ "ಇದು ಅದರಿಂದಲೇ ಆದದ್ದಾ?" ಎಂದು ಕೇಳುವುದಂತೂ ಬೇಡವೇ ಬೇಡ. ನಮ್ಮಲ್ಲಿ ಸೋದರ ಸಂಬಂಧದಲ್ಲಿ ಮದುವೆಯಾದ ತಾಯಂದಿರಿಗೆ ಮಂದಿ ಏನು ಕೇಳುತ್ತಾರೆ, ಅದು ಎಲ್ಲಿ ಚುಚ್ಚುತ್ತದೆ ಎಂದು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ.

ಲಾವೋಸ್, ಕಾಂಬೋಡಿಯಾದ ಕಥೆ ಬೇರೆ. ಲಾವೋಸ್ ಮೇಲೆ 1964ರಿಂದ 1973ರೊಳಗೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಬಿತ್ತು. ಅದರಲ್ಲಿ ಸುಮಾರು 27 ಕೋಟಿ ಚಿಕ್ಕ ಚಿಕ್ಕ ಬಾಂಬುಗಳು; ನೂರಕ್ಕೆ ಮೂವತ್ತರವರೆಗೆ ಸಿಡಿಯದೆ ಉಳಿದವೆಂದು ಅಂದಾಜು. ಅಲ್ಲಿನವರು ಅವನ್ನು ಬೊಂಬಿ ಎನ್ನುತ್ತಾರೆ. ಚೆಂಡಿನಷ್ಟಿರುತ್ತದೆ, ಮಕ್ಕಳು ಚೆಂಡೆಂದೇ ಎತ್ತಿಕೊಳ್ಳುತ್ತಾರೆ. ಕಾಂಬೋಡಿಯಾದಲ್ಲಿ ನೆಲಬಾಂಬು. ಅಲ್ಲಿನ ಕೆಲಸ ಕೈಕಾಲು ಕಳೆದುಕೊಂಡ ಮಕ್ಕಳ ಜೊತೆ. ಬೆಳೆಯುವ ಮಗುವಿಗೆ ಕೃತಕ ಕಾಲನ್ನು ಆರು ತಿಂಗಳಿಂದ ವರ್ಷಕ್ಕೊಮ್ಮೆ ಬದಲಿಸಬೇಕು, ಹಾಗಾಗಿ ಕೆಲಸ ಮುಗಿಯುವುದೇ ಇಲ್ಲ. 1968ರ ಸುಮಾರಿಗೆ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಥಿ ಸೇರಿ ಮಾಡಿದ ನಮ್ಮ ಜೈಪುರ ಕಾಲು ಕಾಂಬೋಡಿಯಾ, ಅಫ್ಘಾನಿಸ್ತಾನಗಳಿಗೆ ಹೋದದ್ದು ಸುಮ್ಮನೆ ಅಲ್ಲ. ಚಕ್ಕಳಮಕ್ಕಳ ಕೂರಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಬರಿಗಾಲಲ್ಲಿ ಕೆಸರುಗದ್ದೆಗೆ ಇಳಿಯಬಹುದು. ಕುರ್ಚಿಯ ಮೇಲೆ ಕೂರುವ ದೇಶದವರು ಮಾಡಿದ ಕಾಲಿನಲ್ಲಿ ಇದು ಆಗುತ್ತಿರಲಿಲ್ಲ.

ತಮಿಳು ಬಲ್ಲವರು ಶ್ರೀಲಂಕಾದ ಉತ್ತರ ಭಾಗವನ್ನು ಯೋಚಿಸಿ. ಅಲ್ಲಿ ಯುದ್ಧ ಮುಗಿದದ್ದು 2009ರ ಮೇನಲ್ಲಿ. ಭಾಷೆ ಬಂದರೆ ಅರ್ಧ ಕೆಲಸ ಆದಂತೆ. ಇನ್ನು ಗುಂಡು ಹಾರುತ್ತಿರುವ ನಾಡುಗಳಿಗೆ ಹವ್ಯಾಸಿಗಳು ಹೋಗಲೇಬಾರದು. ಅಲ್ಲಿ ನಿಮ್ಮನ್ನು ಕಾಪಾಡುವುದೇ ಬೇರೆಯವರಿಗೆ ಕೆಲಸವಾಗುತ್ತದೆ.

ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಆಕಾಶದಿಂದ ಸುರಿದ ವಿಷದ ಕಥೆ ಕೇಳಲು ಕನ್ನಡಿಗರು ವಿಮಾನ ಹತ್ತಬೇಕಿಲ್ಲ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಕೊಕ್ಕಡದ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದರ ಫಲ ಉಣ್ಣುತ್ತಿರುವ ಮನೆಗಳಿವೆ. ಸುಪ್ರೀಂ ಕೋರ್ಟು ಆ ಕೀಟನಾಶಕವನ್ನೇ ನಿಷೇಧಿಸಿದ್ದು 2011ರಲ್ಲಿ. ವಿದೇಶವೇ ಯಾಕೆ ಎಂದು ನಿಮ್ಮ ಮನೆಯ ಹಿರಿಯರು ಕೇಳಿದರೆ ಆ ಪ್ರಶ್ನೆ ತಪ್ಪೇನಲ್ಲ.

ಮೊದಲ ಆರು ತಿಂಗಳು ನಮ್ಮೂರಲ್ಲೇ

ಇದು ಎಲ್ಲಕ್ಕಿಂತ ದೊಡ್ಡ ಹೆಜ್ಜೆ, ಎಲ್ಲರೂ ಹಾರಿ ದಾಟುವುದೂ ಇದನ್ನೇ.

ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯೂ. ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಬಹಳಷ್ಟು ಸಲ ಅವರೇ ಅಂಗವಿಕಲರು. ತಾಲೂಕಿಗೆ ಒಬ್ಬ ಎಂ.ಆರ್.ಡಬ್ಲ್ಯೂ., ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಬಿ.ಇ.ಒ. ಕಚೇರಿಯಲ್ಲಿ ಬಿ.ಐ.ಇ.ಆರ್.ಟಿ., ಅಂದರೆ ವಿಶೇಷ ಅಗತ್ಯದ ಮಕ್ಕಳಿಗೆ ಕಲಿಸುವ ಶಿಕ್ಷಕರು ಸಿಗುತ್ತಾರೆ, ಮನೆಯಲ್ಲೇ ಕಲಿಯುವ ಮಕ್ಕಳ ಪಟ್ಟಿ ಅವರ ಹತ್ತಿರ ಇರುತ್ತದೆ. ಅವರ ಜೊತೆ ವಾರಕ್ಕೆ ಎರಡು ದಿನ ಓಡಾಡಿ. ಆರು ತಿಂಗಳು ಓಡಾಡಿದ ಮೇಲೂ ಹೋಗುವ ಆಸೆ ಉಳಿದಿದ್ದರೆ ಆಗ ಮುಂದಿನ ಮಾತು. ನನ್ನ ಹತ್ತಿರ ಬಂದವರಲ್ಲಿ ಅರ್ಧಕ್ಕರ್ಧ ಜನ ಮೂರನೇ ವಾರಕ್ಕೆ ಫೋನ್ ಎತ್ತುವುದು ಬಿಡುತ್ತಾರೆ. ಬೇಸರವಿಲ್ಲ, ಇಲ್ಲೇ ಬಿಟ್ಟರೆ ಬಸ್ ಚಾರ್ಜು ಮಾತ್ರ ನಷ್ಟ.

ಈ ಆರು ತಿಂಗಳಲ್ಲಿ ನಾಲ್ಕು ಕೆಲಸ ಕೈಗೆ ಹತ್ತಬೇಕು.

ಉಣಿಸುವುದು. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈಯ ಮೇಲೆ ಹಿಡಿತ ತಪ್ಪುವ ತೊಂದರೆ, ಇರುವ ಮಗುವಿಗೆ ಮಲಗಿಸಿ ಬಾಯಿಗೆ ಹಾಕಿದರೆ ಅನ್ನ ಶ್ವಾಸಕ್ಕೆ ಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ತಲೆಯನ್ನು ಹಿಂದಕ್ಕೆ ಬಾಗಿಸಿ ಸುರಿಯುವ ರೂಢಿ ಇದೆ, ಅದು ಅಪಾಯ. ನೆಟ್ಟಗೆ ಕೂರಿಸಬೇಕು, ಗದ್ದ ತುಸು ಕೆಳಗಿರಬೇಕು, ನೀವು ಮಗುವಿನ ಕಣ್ಣಿನ ಮಟ್ಟಕ್ಕೇ ಕೂರಬೇಕು. ಚಮಚದ ತುದಿಯಷ್ಟು ಕೊಟ್ಟು, ನುಂಗಿದ್ದು ಗಂಟಲಲ್ಲಿ ಕಾಣುವ ತನಕ ಕಾಯಬೇಕು. ಉಂಡ ಮೇಲೆ ಅರ್ಧ ತಾಸು ಮಲಗಿಸಬಾರದು. ಒಂದು ಬಟ್ಟಲು ಗಂಜಿಗೆ ನಲವತ್ತು ನಿಮಿಷ ಹಿಡಿಯುತ್ತದೆ. ನಲವತ್ತು ನಿಮಿಷ ಮೊಬೈಲ್ ಮುಟ್ಟದೆ ಕೂರಲು ಬರುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಎತ್ತುವುದು. ಮೊಣಕಾಲು ಬಗ್ಗಿಸಿ, ಮಗುವನ್ನು ಎದೆಗೆ ಹತ್ತಿರ ಹಿಡಿದು ಎತ್ತಬೇಕು. ದೊಡ್ಡ ಮಕ್ಕಳನ್ನು ಇಬ್ಬರು ಸೇರಿ. ರಂಗೋಲಿ ಹಾಕುವವರ ಹಾಗೆ ಸೊಂಟದಿಂದ ಬಗ್ಗಿದರೆ ಎರಡನೇ ತಿಂಗಳಿಗೆ ನೀವೇ ಹಾಸಿಗೆ ಹಿಡಿಯುತ್ತೀರಿ. ಮತ್ತೊಂದು: ಎತ್ತುವ ಮುಂಚೆ ಮಗುವಿಗೆ ಹೇಳಬೇಕು. ಭಾಷೆ ತಿಳಿಯದಿದ್ದರೂ ದನಿ ತಿಳಿಯುತ್ತದೆ.

ಮೂರ್ಛೆ. ನಮ್ಮಲ್ಲಿ ಫಿಟ್ಸ್ ಬಂದರೆ ಕೈಗೆ ಕೀಲಿಕೈ ಕೊಡುತ್ತಾರೆ, ಉಳ್ಳಾಗಡ್ಡಿ ಮೂಸಿಸುತ್ತಾರೆ, ಚಪ್ಪಲಿ ಮೂಸಿಸುತ್ತಾರೆ, ಹಲ್ಲಿನ ಸಂದಿಗೆ ಚಮಚ ತುರುಕುತ್ತಾರೆ. ಒಂದೂ ಬೇಡ. ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದ್ದು ಇಟ್ಟು, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆ. ಇದನ್ನು ಇಲ್ಲಿ ಒಮ್ಮೆ ಕಣ್ಣಾರೆ ಕಂಡವರು ಅಲ್ಲಿ ಕಿರುಚುವುದಿಲ್ಲ.

ನಾಲ್ಕನೆಯದನ್ನು ನಾನು ಕಲಿತದ್ದು ಬಾಗಲಕೋಟೆಯ ಒಂದು ಸೈಕಲ್ ಅಂಗಡಿಯಲ್ಲಿ. ಗಾಲಿಕುರ್ಚಿ ರಿಪೇರಿ. ಬಹುತೇಕ ಕೇಂದ್ರಗಳಲ್ಲಿ ದಾನಕ್ಕೆ ಬಂದ ಕುರ್ಚಿಗಳು ಮೂಲೆಯಲ್ಲಿ ರಾಶಿ ಬಿದ್ದಿರುತ್ತವೆ. ಟೈರು ಪಂಕ್ಚರ್, ಬ್ರೇಕು ಸಡಿಲ, ಬೇರಿಂಗು ಹೋಗಿದೆ. ಮುಂದಿನ ಚಿಕ್ಕ ಗಾಲಿ ತಿರುಗುತ್ತಿಲ್ಲವೆಂದರೆ ಹತ್ತರಲ್ಲಿ ಒಂಬತ್ತು ಸಲ ಅದರ ಅಚ್ಚಿಗೆ ಕೂದಲು, ದಾರ ಸುತ್ತಿಕೊಂಡಿರುತ್ತದೆ. ಸ್ಪ್ಯಾನರಿನಿಂದ, ಅಂದರೆ ಪಾನಾದಿಂದ, ಬಿಚ್ಚಿ, ಬ್ಲೇಡಿನಿಂದ ಕೊಯ್ದು ತೆಗೆದು, ಎರಡು ಹನಿ ಎಣ್ಣೆ ಬಿಟ್ಟರೆ ಮುಗಿಯಿತು. ಅಂಗಡಿಯ ಕಾಕಾ ನನಗೆ ಹತ್ತು ದಿನ ಕಲಿಸಿದರು. "ಬಾಯಾರ, ಪಾನಾ ಹಿಂಗ ಹಿಡದ್ರ ಬೋಲ್ಟ್ ಅಲ್ಲ, ನಿಮ್ಮ ಕೈ ತಿರಗತೈತಿ" ಎಂದು ನಗುತ್ತಿದ್ದರು. ಎರಡನೇ ಸಲ ಹೋದಾಗ ಮೊದಲ ತಿಂಗಳಲ್ಲಿ ಹನ್ನೊಂದು ಕುರ್ಚಿ ಓಡುವ ಹಾಗಾದವು. ವಿಶೇಷ ಶಿಕ್ಷಣದ ನನ್ನ ಡಿಪ್ಲೊಮಾಕ್ಕಿಂತ ಹೆಚ್ಚು ಮರ್ಯಾದೆ ಸಿಕ್ಕಿದ್ದು ಆ ಪಾನಾಕ್ಕೆ. ಹೊಲಿಗೆ ಬಲ್ಲವರಿಗೂ ಇದೇ ಮಾತು. ಕುತ್ತಿಗೆ ನಿಲ್ಲದ ಮಗುವಿಗೆ ಆಸರೆಯ ದಿಂಬು, ಬೆನ್ನ ಹಿಂದೆ ಗುಂಡಿ ಇಲ್ಲದ ಅಂಗಿ ಹೊಲಿದು ಕೊಡುವವರನ್ನು ಅಲ್ಲಿ ಬಿಡುವುದೇ ಇಲ್ಲ.

ಸಂಸ್ಥೆ ಆರಿಸುವುದು

ಮೊದಲ ಸಲ ನಾನು ಒಂದು ಮಧ್ಯವರ್ತಿ ಸಂಸ್ಥೆಗೆ ದೊಡ್ಡ ಮೊತ್ತವನ್ನೇ ಕಟ್ಟಿ ಹೋದೆ. ಅವರು ನನ್ನಿಂದ ಪೊಲೀಸ್ ಪತ್ರ ಕೇಳಲಿಲ್ಲ, ಏನು ಕಲಿತಿದ್ದೀರಿ ಎಂದು ಕೇಳಲಿಲ್ಲ, ಟಿ-ಶರ್ಟಿನ ಅಳತೆ ಮಾತ್ರ ಕೇಳಿದರು. ಅಷ್ಟಕ್ಕೇ ನನಗೆ ತಿಳಿಯಬೇಕಿತ್ತು. ಒಳ್ಳೆಯ ಸಂಸ್ಥೆ ನಿಮ್ಮನ್ನು ಬೇಡ ಎನ್ನಲು ತಯಾರಿರುತ್ತದೆ.

ಇ-ಮೇಲ್ ಬರೆದು ಇಷ್ಟು ಕೇಳಿ. ಮಕ್ಕಳ ರಕ್ಷಣೆಗೆ ನಿಮ್ಮಲ್ಲಿ ಲಿಖಿತ ನಿಯಮ ಇದೆಯೇ, ಕಳಿಸುತ್ತೀರಾ? ನಾನು ಮಗುವಿನ ಜೊತೆ ಒಬ್ಬಳೇ ಇರುವ ಸಂದರ್ಭ ಬರುತ್ತದೆಯೇ? (ಬರುವುದಿಲ್ಲ ಎಂಬುದೇ ಸರಿ ಉತ್ತರ.) ನನಗೆ ಕೆಲಸ ಹೇಳುವವರು ಯಾರು, ಅವರು ಆ ಊರಿನವರೇ? ನಾನು ಕೊಡುವ ಹಣದಲ್ಲಿ ಕೇಂದ್ರಕ್ಕೆ ಎಷ್ಟು ಹೋಗುತ್ತದೆ? ಮಕ್ಕಳು ಮನೆಗೆ ಹೋಗಿ ಬರುತ್ತಾರೆಯೇ?

ಕೊನೆಯ ಪ್ರಶ್ನೆ ಮುಖ್ಯ. ಕಾಂಬೋಡಿಯಾದ ಅನಾಥಾಲಯಗಳ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ ಎಂಬುದು ಗೊತ್ತಿರುವ ಸಂಗತಿ. ವಿದೇಶಿಯರು ಬಂದು ಹಣ ಕೊಡುತ್ತಾರೆಂದೇ ಬಡವರ ಮಕ್ಕಳನ್ನು ತಂದು ತುಂಬಿಸಿದ ಕಡೆಗಳೂ ಇದ್ದವು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಇಂಥ ಅನಾಥಾಲಯ ಪ್ರವಾಸದ ಬಗ್ಗೆ ಎಚ್ಚರಿಸುವ ನಿರ್ಣಯ ಮಾಡಿತು. ಆದ್ದರಿಂದ ಮಕ್ಕಳು ಹಗಲು ಬಂದು ಸಂಜೆ ಮನೆಗೆ ಹೋಗುವ ಡೇ-ಕೇರ್ ಕೇಂದ್ರ, ಆಸ್ಪತ್ರೆಯ ಪುನರ್ವಸತಿ ವಿಭಾಗ, ಮನೆ ಭೇಟಿ ಮಾಡುವ ತಂಡಗಳನ್ನು ಮೊದಲು ಹುಡುಕಿ.

ಹೆಸರು ಹೇಳಬೇಕೆಂದರೆ: ಹನೋಯ್ ಹೊರವಲಯದಲ್ಲಿ ಫ್ರೆಂಡ್‌ಶಿಪ್ ವಿಲೇಜ್ ಇದೆ. ವಿಯೆಟ್ನಾಮಿನಲ್ಲಿ ಕಾದಾಡಿದ ಅಮೆರಿಕನ್ ಸೈನಿಕ ಜಾರ್ಜ್ ಮಿಜೊ ಕನಸಿನಿಂದ ಹುಟ್ಟಿ 1998ರಲ್ಲಿ ತೆರೆದದ್ದು. ಅಲ್ಲಿ ಮಕ್ಕಳೂ ಇರುತ್ತಾರೆ, ವಿಯೆಟ್ನಾಮಿನ ಹಳೆಯ ಸೈನಿಕರೂ ಬಂದು ಆರೈಕೆ ಪಡೆಯುತ್ತಾರೆ. ಹೋಚಿಮಿನ್ ನಗರದ ತು-ದು ಆಸ್ಪತ್ರೆಯಲ್ಲಿ ಇಂಥ ಮಕ್ಕಳ ವಿಭಾಗವಿದೆ. 2004ರಲ್ಲಿ ಶುರುವಾದ ಏಜೆಂಟ್ ಆರೆಂಜ್ ಸಂತ್ರಸ್ತರ ಸಂಘ ವಾವಾಕ್ಕೆ ಪ್ರಾಂತ್ಯಗಳಲ್ಲೂ ಶಾಖೆಗಳಿವೆ. ಲಾವೋಸಿನ ವಿಯೆಂಟಿಯಾನ್‌ನಲ್ಲಿ ಕೋಪ್ ಎಂಬ ಸಂಸ್ಥೆ ಕೃತಕ ಅಂಗಗಳ ಕೆಲಸ ಮಾಡುತ್ತದೆ. ಇವರೆಲ್ಲ ಯಾವಾಗಲೂ ಸ್ವಯಂಸೇವಕರನ್ನು ಕರೆಯುತ್ತಾರೆಂದು ಅಲ್ಲ, ಕೇಳಬೇಕು. ಕೆಲಸದ ಅನುಭವ ಇದ್ದವರು ಯು.ಎನ್. ವಾಲಂಟಿಯರ್ಸ್‌ನಲ್ಲಿ ಹೆಸರು ನೋಂದಾಯಿಸಿ. ಅವರು ಹಣ ಕೇಳುವುದಿಲ್ಲ, ತಿರುಗಿ ಜೀವನಭತ್ಯೆ ಕೊಡುತ್ತಾರೆ.

ಕಾಗದ, ಸೂಜಿ, ರೊಕ್ಕ

ಪಾಸ್‌ಪೋರ್ಟು ಇಲ್ಲದವರು ಹುಬ್ಬಳ್ಳಿಯ ಸೇವಾ ಕೇಂದ್ರಕ್ಕೋ ಹತ್ತಿರದ ಅಂಚೆ ಕಚೇರಿಯಲ್ಲಿರುವ ಸೇವಾ ಕೇಂದ್ರಕ್ಕೋ ಆನ್‌ಲೈನಿನಲ್ಲಿ ದಿನ ಗೊತ್ತು ಮಾಡಿಕೊಳ್ಳಿ. ದೊಡ್ಡವರ 36 ಪುಟದ ಸಾದಾ ಪಾಸ್‌ಪೋರ್ಟಿಗೆ 1,500 ರೂಪಾಯಿ. ಆಧಾರ್, ಮಾರ್ಕ್ಸ್‌ಕಾರ್ಡು, ಪ್ಯಾನ್ ಮೂರರಲ್ಲೂ ಹೆಸರು ಒಂದೇ ಇರಬೇಕು. ನಮ್ಮ ಕಡೆ ಒಂದರಲ್ಲಿ ಊರಿನ ಅಡ್ಡಹೆಸರು, ಒಂದರಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು ಇರುತ್ತದೆ. ತಿದ್ದಿಸಲು ತಿಂಗಳುಗಳೇ ಬೇಕು, ಈಗಲೇ ಶುರು ಮಾಡಿ. ಪಾಸ್‌ಪೋರ್ಟು ಬಂದ ಮೇಲೆ ಅದೇ ಜಾಲತಾಣದಲ್ಲಿ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ ಅರ್ಜಿ ಹಾಕಿ. ಮಕ್ಕಳ ಜೊತೆ ಕೆಲಸಕ್ಕೆ ಅದು ಬೇಕೇ ಬೇಕು.

ವೀಸಾ ವಿಷಯದಲ್ಲಿ ಜಾಣತನ ಮಾಡಬೇಡಿ. ವಿಯೆಟ್ನಾಮಿನ ಇ-ವೀಸಾ 2023ರ ಆಗಸ್ಟಿನಿಂದ 90 ದಿನದವರೆಗೆ ಸಿಗುತ್ತಿದೆ, ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಆದರೆ ಪ್ರವಾಸಿ ಎಂದು ಹೇಳಿ ಒಳಗೆ ಹೋಗಿ ಕೆಲಸ ಮಾಡುವುದು ನಿಮಗಿಂತ ಹೆಚ್ಚಾಗಿ ಆ ಕೇಂದ್ರಕ್ಕೆ ತೊಂದರೆ ತರುತ್ತದೆ. ಯಾವ ವೀಸಾ, ಯಾವ ಪತ್ರ ಎಂದು ಸಂಸ್ಥೆಯಿಂದಲೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಅಲ್ಲಿಗೆ ಹೋಗಬೇಡಿ. ಹನೋಯಿಯಲ್ಲಿ ಭಾರತದ ರಾಯಭಾರ ಕಚೇರಿ, ಹೋಚಿಮಿನ್ ನಗರದಲ್ಲಿ ಕಾನ್ಸುಲೇಟ್ ಇದೆ; ಎರಡರ ಫೋನ್ ನಂಬರನ್ನೂ ಕಾಗದದ ಮೇಲೆ ಬರೆದುಕೊಂಡಿರಿ.

ಲಸಿಕೆಗೆ ಹೊರಡುವ ಎರಡು ತಿಂಗಳು ಮೊದಲೇ ವೈದ್ಯರನ್ನು ಕಾಣಿ. ಹೆಪಟೈಟಿಸ್, ಟೈಫಾಯಿಡ್, ಧನುರ್ವಾಯು, ಜಪಾನೀಸ್ ಎನ್‌ಸೆಫಲೈಟಿಸ್ ಬಗ್ಗೆ ಕೇಳಿ. ಚಿಕ್ಕಂದಿನಲ್ಲಿ ಸಿಡುಬಾಗಿದೆ ಎಂದು ಅವ್ವ ಹೇಳಿದರೆ ಸಾಲದು, ಅದು ಸೀತಾಳೆ ಸಿಡುಬೋ ದಡಾರವೋ ಎಂದೂ ತಿಳಿದುಕೊಳ್ಳಿ. ಎದೆ ಬಲವಿಲ್ಲದ ಮಕ್ಕಳಿಗೆ ನಿಮ್ಮ ನೆಗಡಿಯೇ ನ್ಯುಮೋನಿಯಾ ಆದೀತು.

ರೊಕ್ಕದ ವಿಷಯ ಚಿಕ್ಕದು. ಟಿಕೆಟ್ಟು, ವಿಮೆ, ಊಟ, ವಸತಿ ನಿಮ್ಮದೇ ಎಂದು ತಿಳಿದು ಹೊರಡಿ, ತುರ್ತಿಗೆ ವಾಪಸು ಬರುವ ಟಿಕೆಟ್ಟಿನ ಹಣ ಬೇರೆ ಇಡಿ. ಊರಲ್ಲಿ ಚಂದಾ ಎತ್ತಿ ಅಲ್ಲಿಗೆ ಕೊಡುವ ಯೋಚನೆ ಇದ್ದರೆ ಮೊದಲು ಒಬ್ಬ ಸಿ.ಎ. ಹತ್ತಿರ ಕೂತು ಮಾತಾಡಿ, ಹೊರದೇಶಕ್ಕೆ ಹಣ ಕಳಿಸಲು ಕಾನೂನಿದೆ.

ಬ್ಯಾಗಿನಲ್ಲಿ ಬಲೂನು ಬೇಡ

ಮೊದಲ ಸಲ ನಾನು ನೂರು ಬಲೂನು ಒಯ್ದಿದ್ದೆ. ಮೊದಲ ದಿನವೇ ಒಂದನ್ನು ಊದಿ ಗಾಲಿಕುರ್ಚಿಯಲ್ಲಿದ್ದ ಒಬ್ಬ ಹುಡುಗಿಯ ಕೈಗೆ ಕೊಡುವಷ್ಟರಲ್ಲಿ ನರ್ಸ್ ಓಡಿಬಂದು ಕಸಿದುಕೊಂಡಳು. ನನಗೆ ಅವಮಾನವಾಯಿತು. ಆಮೇಲೆ ತಿಳಿಯಿತು: ಸ್ಪೈನಾ ಬೈಫಿಡಾ ಇರುವ ಮಕ್ಕಳಲ್ಲಿ ಬಹಳ ಜನಕ್ಕೆ ಲೇಟೆಕ್ಸ್ ರಬ್ಬರಿನ ಅಲರ್ಜಿ ಇರುತ್ತದೆ, ಚಿಕ್ಕಂದಿನಿಂದ ಆಪರೇಷನ್, ಮೂತ್ರದ ನಳಿಕೆ ಎಂದು ರಬ್ಬರು ತಾಗಿ ತಾಗಿ. ಬಲೂನು ಮುಟ್ಟಿದರೆ ಉಸಿರೇ ಕಟ್ಟಬಹುದು. ಹದಿನೈದು ವರ್ಷದಿಂದ ಇದೇ ಕೆಲಸದಲ್ಲಿದ್ದ ನನಗೆ ಅದು ಗೊತ್ತಿರಲಿಲ್ಲ. ಕೈಗವಸು ಒಯ್ಯುವುದಾದರೂ ಲೇಟೆಕ್ಸ್ ಇಲ್ಲದ ನೈಟ್ರೈಲಿನದು ಒಯ್ಯಿರಿ.

ಗೋಕಾಕದ ಬಣ್ಣದ ಬೊಂಬೆ ಒಯ್ಯುವ ಆಸೆಯೂ ಬರುತ್ತದೆ. ಎಲ್ಲವನ್ನೂ ಬಾಯಿಗಿಡುವ ಮಕ್ಕಳ ಕೈಗೆ ಬಣ್ಣ ಏಳುವ ವಸ್ತು ಬೇಡ. ಆಫೀಸಿನ ಕಪಾಟಿಗೆ ಕೊಡಿ. ಕರದಂಟು ಸಿಬ್ಬಂದಿಗೆ, ಮಕ್ಕಳಿಗಲ್ಲ, ಅಂಟು ಗಂಟಲಿಗೆ ಸಿಕ್ಕೀತು. ನಿಜವಾಗಿ ಉಪಯೋಗಕ್ಕೆ ಬಂದದ್ದು ಇವು: ಸ್ಪ್ಯಾನರ್ ಸೆಟ್, ಪಂಕ್ಚರ್ ಪಟ್ಟಿ, ವೆಲ್ಕ್ರೋ, ಹಳೆಯ ಮೆತ್ತನೆಯ ಕಾಟನ್ ಸೀರೆ ನಾಲ್ಕು. ಸೀರೆಯನ್ನು ಹರಿದು ಆಸರೆಯ ಪಟ್ಟಿ, ಜೊಲ್ಲು ಒರೆಸುವ ಬಟ್ಟೆ, ಒಮ್ಮೆ ಜೋಲಿ ಕೂಡ ಮಾಡಿದೆವು. ಬಿಸಿಲಿಗೆ ಒಣಗಿದ ಇಳಕಲ್ ಸೆರಗಿನ ತುಂಡೊಂದನ್ನು ನೋಡಿ ಆಯಾಗಳು ಅದನ್ನು ಮಾತ್ರ ಹರಿಯಲು ಬಿಡಲಿಲ್ಲ.

ಅಲ್ಲಿಗೆ ಹೋದ ಮೇಲೆ

ಗಡಿಯಾರ ಒಂದೂವರೆ ತಾಸು ಮುಂದಕ್ಕಿಡಿ. ಮೊದಲ ವಾರ ಬಾಯಿ ಮುಚ್ಚಿ, ಕೈ ಹಿಂದೆ ಕಟ್ಟಿ ನೋಡಿ. ನಿಮಗೆ ತಪ್ಪು ಕಂಡದ್ದರಲ್ಲಿ ಅರ್ಧಕ್ಕೆ ಕಾರಣ ಇರುತ್ತದೆ. ಒಬ್ಬ ಹುಡುಗನ ಕೈಗೆ ಯಾವಾಗಲೂ ಕಾಲುಚೀಲ ಹಾಕಿರುತ್ತಿದ್ದರು. ಕಟ್ಟಿಹಾಕಿದ್ದಾರೆಂದು ನಾನು ಒಳಗೊಳಗೇ ಸಿಟ್ಟಾಗಿದ್ದೆ. ಮೂರನೇ ದಿನ ಅದನ್ನು ಬದಲಿಸುವಾಗ ಕಂಡಿತು, ಅವನು ಕಚ್ಚಿ ಕಚ್ಚಿ ಹೆಬ್ಬೆರಳಿನ ಚರ್ಮ ಎಲುಬಿನವರೆಗೆ ಹೋಗಿತ್ತು. ಒದ್ದೆಯಾಗುವ ಮುಂಚೆ ಕಾಲುಚೀಲ ಬದಲಿಸುವುದು ಆಮೇಲೆ ನನ್ನ ಕೆಲಸವಾಯಿತು.

ಭಾಷೆ ಕಷ್ಟ, ದನಿಯ ಏರಿಳಿತಕ್ಕೆ ಅರ್ಥವೇ ಬದಲಾಗುತ್ತದೆ. ಆದರೆ ಒಂದು ವಿಷಯದಲ್ಲಿ ನಮಗೆ ಸಲೀಸು. ಅವರಲ್ಲೂ ಬರಿ ಹೆಸರು ಹಿಡಿದು ಕರೆಯುವುದಿಲ್ಲ, ನಿಮಗಿಂತ ದೊಡ್ಡವಳು ಚಿ, ಅಂದರೆ ಅಕ್ಕ, ದೊಡ್ಡವನು ಆನ್, ಅಣ್ಣ, ಚಿಕ್ಕವರು ಎಮ್. ಅದಕ್ಕೇ ಎಲ್ಲರೂ ಮೊದಲು ವಯಸ್ಸು ಕೇಳುತ್ತಾರೆ, ಸಿಟ್ಟಾಗಬೇಡಿ. ಮಕ್ಕಳು ನನ್ನನ್ನು ಕೋ ಎನ್ನುತ್ತಿದ್ದರು, ಅತ್ತೆ ಅಂದರೂ ಅದೇ, ಟೀಚರ್ ಅಂದರೂ ಅದೇ. ಮೊದಲು ಕಲಿಯಬೇಕಾದ ಮಾತು "ದಾವ್ ಖೊಂಗ್?" ಅಂದರೆ "ನೋಯ್ತದೇನು?"

ಊಟ. ಸಸ್ಯಾಹಾರಿಗಳು "ಆನ್ ಚಾಯ್" ಎಂದು ಹೇಳಿ. ಬರಿ ಮಾಂಸ ಬೇಡ ಎಂದರೆ ಸಾಲದು, ಪಲ್ಯಕ್ಕೂ ಮೀನಿನ ಸಾಸ್ ಹಾಕುತ್ತಾರೆ. ಅಲ್ಲಿನ ಬೌದ್ಧರಲ್ಲಿ ಬಹಳ ಜನ ಅಮಾವಾಸ್ಯೆ, ಹುಣ್ಣಿಮೆಗೆ ಆನ್ ಚಾಯ್ ಮಾಡುತ್ತಾರೆ, ಆವತ್ತು ಎಲ್ಲೆಡೆ ಒಳ್ಳೆಯ ಊಟ ಸಿಗುತ್ತದೆ. ಉಳಿದ ದಿನಕ್ಕೆ ಶೇಂಗಾ ಚಟ್ನಿಪುಡಿ ಇದ್ದೇ ಇದೆ.

ಫೋಟೊ. ತೆಗೆಯಬೇಡಿ. ಕೇಂದ್ರದವರು ಒಪ್ಪಿದರೂ ಮಗುವಿನ ಮುಖ ಹಾಕಬೇಡಿ. ನಿಮ್ಮ ತಮ್ಮನ ಮಗ ಡೈಪರಿನಲ್ಲಿ ಮಲಗಿದ್ದಾಗ ಹೊರದೇಶದವರೊಬ್ಬರು ಪಕ್ಕ ನಿಂತು ಸೆಲ್ಫಿ ತೆಗೆದು ನಾಲ್ಕು ಸಾವಿರ ಜನಕ್ಕೆ ತೋರಿಸಿದರೆ ಹೇಗಿರುತ್ತದೆ? ಊರಿನವರಿಗೆ ತೋರಿಸಲೇಬೇಕೆಂದರೆ ರಿಪೇರಿಯಾದ ಕುರ್ಚಿಯ ಫೋಟೊ ತೆಗೆಯಿರಿ.

ಒಂದೂವರೆ ತಿಂಗಳ ಸುಮಾರಿಗೆ ಒಂದು ದಿನ ಅಳು ಬರುತ್ತದೆ. ಬಾತ್‌ರೂಮಿನಲ್ಲಿ ಅತ್ತು, ಮುಖ ತೊಳೆದು ಬನ್ನಿ, ಇಲ್ಲವೇ ಊರಿಗೆ ಫೋನ್ ಮಾಡಿ. ಆಯಾಳ ಹೆಗಲ ಮೇಲೆ ಅಳಬೇಡಿ, ಆಕೆ ರಾತ್ರಿ ಪಾಳಿಗೂ ಬರಬೇಕು.

ಹೊರಡುವಾಗ

ಮಕ್ಕಳಿಗೆ ಹೇಳದೆ ಹೊರಟುಹೋಗುವುದು ದೊಡ್ಡ ತಪ್ಪು. ಹತ್ತು ದಿನ ಮುಂಚೆಯೇ ಒಂದು ಕ್ಯಾಲೆಂಡರು ಹಚ್ಚಿ, ದಿನಕ್ಕೊಂದು ಮನೆಗೆ ಬಣ್ಣ ತುಂಬಿಸಿ, ಕೊನೆಯ ಮನೆಯಲ್ಲಿ ವಿಮಾನ ಬರೆಯಿರಿ. ಮತ್ತೆ ಬರುತ್ತೇನೆ ಎಂದು ಹೇಳಬೇಡಿ, ಟಿಕೆಟ್ಟು ಕೈಯಲ್ಲಿ ಇಲ್ಲದಿದ್ದರೆ.

ಕಲಿತದ್ದನ್ನು ಅಲ್ಲೇ ಒಬ್ಬರಿಗೆ ಒಪ್ಪಿಸಿ. ನಾನು ಗಾಲಿಕುರ್ಚಿಗಳಿಗೆ ಒಂದೊಂದು ನಂಬರು ಹಚ್ಚಿ, ಯಾವುದಕ್ಕೆ ಯಾವ ಬೋಲ್ಟು, ಯಾವಾಗ ಎಣ್ಣೆ ಎಂದು ಒಂದು ನೋಟುಪುಸ್ತಕದಲ್ಲಿ ಚಿತ್ರ ಬರೆದಿಟ್ಟೆ. ಕೊನೆಯ ವಾರ ಅಡುಗೆಮನೆಯ ಹುಡುಗ ಸಂಜೆಗೆ ಬಂದು ಕೂರತೊಡಗಿದ. ಅವನೇ ಏಳನೇ ನಂಬರಿನ ಕುರ್ಚಿಯ ಮುಂದಿನ ಗಾಲಿ ಬಿಚ್ಚಿ, ಕೂದಲ ಉಂಡೆ ಹೊರಗೆಳೆದು, ನನ್ನ ಮುಖದ ಮುಂದೆ ಹಿಡಿದು ನಕ್ಕ. ಪಾನಾದ ಸೆಟ್ಟನ್ನು ಅವನಿಗೇ ಕೊಟ್ಟು ಬಂದೆ. ಸೈಕಲ್ ಅಂಗಡಿಯ ಕಾಕಾಗೆ ಅದರ ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. "ಆ ಹುಡಗಗ ಹದಿಮೂರರ ಪಾನಾ ಸವದಿರತೈತಿ, ಮುಂದಿನ ಸಲ ಯಾರ ಹೋಗ್ತಾರ ಅವರ ಕೈಯಾಗ ಹೊಸಾದು ಕಳಸ್ರಿ" ಎಂದರು. ಅವರು ಕೊಟ್ಟ ಆ ಹೊಸ ಪಾನಾ ಈಗಲೂ ನನ್ನ ಕಪಾಟಿನಲ್ಲಿದೆ. ಆರು ತಿಂಗಳು ಹಳ್ಳಿ ತಿರುಗಿ ಬಂದವರ ಕೈಗೆ ಕೊಡುತ್ತೇನೆ.